ಜಗಲಿ ನೋಡಿ ಗೌಂಡಿ ಹಿಡಿಯಬೇಡಿ

ಪಂಪಾಪತಿಯ ಆಣೆ, ಇದರಲ್ಲಿ ಒಂದು ಮಾತೂ ಸುಳ್ಳಿಲ್ಲ. ಸುಳ್ಳಿದ್ದರೆ ನಾನು ಕಟ್ಟಿದ ಗೋಡೆ ನನ್ನ ಮೇಲೇ ಬೀಳಲಿ. ನಾನು ಈವರೆಗೆ ಗೋಡೆ ಕಟ್ಟಿಲ್ಲ, ಅದು ಬೇರೆ ಮಾತು.

ಹೊಸಪೇಟೆಯಲ್ಲಿ ನಮ್ಮ ಪಕ್ಕದ ಮನೆ ಬೆಲ್ಲದ ವ್ಯಾಪಾರಿ ಅಂದಾನಪ್ಪನವರದು. ಹೋದ ವರ್ಷ ಮಳೆಗೆ ಮನೆ ಕುಸಿದು ಒಂದೇ ಕೋಣೆ ಉಳಿದಿತ್ತು. ಅದೂ ಸೋರುತ್ತಿತ್ತು. ಮಗಳು ಪಂಪಮ್ಮ ಐದು ತಿಂಗಳ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಶ್ರಾವಣದ ಜಡಿಮಳೆಯಲ್ಲಿ ಕೂಸು-ಬಾಣಂತಿಗೆ ಬೆಚ್ಚಗಿನ ಕೋಣೆ ಬೇಕು. ಹಾಗಾಗಿ ಹೊಸ ಮನೆ ಕಟ್ಟಲು ಗೌಂಡಿಯ ಹುಡುಕಾಟ.

ಅಂದಾನಪ್ಪನವರು ಗೌಂಡಿ ಪಾಲಯ್ಯ ಕಟ್ಟಿದ ಏಳು ಮನೆಗಳ ಜಗಲಿಯ ಮೇಲೆ ಕೂತು, ಎಲೆ-ಅಡಿಕೆ ಹಾಕಿಕೊಂಡು ಬಂದರು.

"ಕಲ್ಲು ಕನ್ನಡಿ ಇದ್ದಂಗ ಅದಾವು. ಮದರಾಸಿನ ಗೌರ್ನರು ಬಂದ್ರೂ ಅಲ್ಲೇ ಕುಂದರ್ತಾನ. ನಾಳೆ ಪಾಲಯ್ಯಗ ವೀಳ್ಯ ಕೊಟ್ಟು ಮಾತು ಮುಗಿಸ್ತೀನಿ. ಒಂದೂವರಿ ತಿಂಗಳಿಗೆ ಮನಿ ಮುಗಿಸ್ತಾನಂತ."

ಅಲ್ಲೇ ಕೂತಿದ್ದ ಸೂಲಗಿತ್ತಿ ತಾಯಕ್ಕ ಕೇಳಿದಳು: "ಯಪ್ಪಾ, ಪಂಪಮ್ಮನ ಬಾಣಂತನ ಜಗಲಿ ಮ್ಯಾಲೆ ಮಾಡ್ತೀರೇನು?"

"ಗೌಂಡಿ ಕೆಲಸ ನಿನಗೇನು ತಿಳೀತೈತಿ, ತಾಯಕ್ಕ?"

"ತಿಳ್ಯಂಗಿಲ್ರಿ. ಆದ್ರ ಈ ಊರಾಗ ಎಲ್ಲಾರ ಮನಿ ಒಳಕೋಣ್ಯಾಗ ಕುಂತೀನಿ. ಯಾವ ಮಾಳಿಗಿ ಸೋರತೈತಿ ಅಂತ ನನ್ನ ನೆತ್ತಿ ಹೇಳತೈತಿ."

ಅಂದಾನಪ್ಪನವರ ಹೆಂಡತಿ ಕೊಟ್ರಬಸಮ್ಮ ಸೆರಗು ಸಿಕ್ಕಿಸಿ ಎದ್ದೇಬಿಟ್ಟರು. "ನಡೀರಿ, ನೋಡೇ ಬರೂಣು."

ಮೊದಲು ಹೊಳೆಮ್ಮನ ಮನೆ. ಪಾಲಯ್ಯ ಮೂರು ವರ್ಷದ ಹಿಂದೆ ಕಟ್ಟಿದ್ದು. ಜಗಲಿ ದಾಟಿ ಒಳಗೆ ಹೋದರೆ, ಹೊಳೆಮ್ಮ ತಲೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದಳು.

"ಬ್ಯಾಸಗಿ ಮಳಿ ಮೊನ್ನೇನ ನಿಂತೈತಲ್ಲವ್ವಾ?" ಎಂದರು ಅಂದಾನಪ್ಪನವರು.

"ಹೊರಗ ನಿಂತೈತ್ರಿ. ಒಳಗ ಇನ್ನೂ ನಿಂತಿಲ್ಲ."

ಒಳಮನೆಯ ಕಂಬದ ಬುಡದಲ್ಲೇ ಮೆಂತ್ಯೆ ಸೊಪ್ಪು ಹುಲುಸಾಗಿ ಬೆಳೆದಿತ್ತು. ಹೊರಡುವಾಗ ಒಂದು ಕಟ್ಟು ಕಿತ್ತುಕೊಟ್ಟಳು. ನಾನೂ ಆ ಪಲ್ಯ ತಿಂದಿದ್ದೇನೆ. ಉಪ್ಪು ತುಸು ಕಡಿಮೆಯಿತ್ತು.

ಆಮೇಲೆ ನಿಂಗಕ್ಕನ ಮನೆ. ಗೌಂಡಿ ಭರಮಣ್ಣ ಹತ್ತು ವರ್ಷದ ಹಿಂದೆ ಕಟ್ಟಿದ್ದು. ಜಗಲಿ ಒರಟು, ಕೂತರೆ ಧೋತರ ಹರಿಯುವಂಥದ್ದು. ಕೊಟ್ರಬಸಮ್ಮ ಒಳಕೋಣೆಯಲ್ಲಿ ಕೂತರು. ತಾಯಕ್ಕ ಅಂದಾನಪ್ಪನವರ ಹೆಗಲಿಗೆ ಕೊಡ ಏರಿಸಿ ಮಾಳಿಗೆ ಹತ್ತಿಸಿದಳು. ಎಂಟು ಕೊಡ ನೀರು ಸುರಿದರು. ನೀರೆಲ್ಲ ಇಳಿಜಾರು ಹಿಡಿದು ಬೀದಿಗೆ ಬಿತ್ತು.

ಅಂದಾನಪ್ಪನವರು ಮಾಳಿಗೆಯ ಬೆಳಕಿಂಡಿಗೆ ಬಾಯಿಟ್ಟು ಕೂಗಿದರು: "ಏನಾರ ಬಿತ್ತೇನ?"

"ನಿಮ್ಮ ದನಿ ಬಿತ್ತು. ಮತ್ತೇನಿಲ್ಲ."

ಅಲ್ಲಿಂದ ನೇರ ಭರಮಣ್ಣನ ಹತ್ತಿರ ಹೋದರು. ಅವನಿಗೆ ಸಿಹಿ ಮಾತು ಬಾರದು. "ದೀಪಾವಳಿತನಕ ಮನಿ ಮುಗಿಯಂಗಿಲ್ರಿ. ಸುಣ್ಣ ನೆನೀಬೇಕು, ಗಾಣದಾಗ ಅರೀಬೇಕು, ಗ್ವಾಡಿ ಆರಬೇಕು. ಗಡಿಬಿಡಿ ಇದ್ರ ಬ್ಯಾರೆಯವರನ್ನ ನೋಡ್ರಿ."

"ಮಗಳು ಶ್ರಾವಣಕ್ಕ ಹಡೀತಾಳೋ ಮಾರಾಯ!"

"ಹಂಗಾದ್ರ ಒಳಕೋಣಿ ಮೊದಲು ಕಟ್ಟಿ ಕೊಡ್ತೀನಿ. ಜಗಲಿ ಕಡೀಕ."

"ಜಗಲಿ ಇಲ್ದ ನಾ ಎಲ್ಲಿ ಕುಂದರ್ಲಿ?"

"ನೀವೇನು ಬಾಣಂತೀನಾ?" ಎಂದರು ಕೊಟ್ರಬಸಮ್ಮ. ವೀಳ್ಯ ಭರಮಣ್ಣನ ಕೈಗೆ ಹೋಯಿತು.

ಶ್ರಾವಣದಲ್ಲಿ ಒಂಬತ್ತು ದಿನ ಮಳೆ ಬಿಡಲಿಲ್ಲ. ಪಂಪಮ್ಮನಿಗೆ ಹೆಣ್ಣುಕೂಸು ಹುಟ್ಟಿತು. ಭರಮಣ್ಣ ಕಟ್ಟಿಕೊಟ್ಟ ಆ ಒಳಕೋಣೆಯಲ್ಲಿ ಒದ್ದೆಯಾಗಿದ್ದು ಕೂಸಿನ ಬಟ್ಟೆಯೊಂದೇ.

ಆದ್ದರಿಂದ, ಮನೆ ಕಟ್ಟಿಸುವ ಅಣ್ಣಂದಿರೇ, ಅಕ್ಕಂದಿರೇ, ನುಣುಪು ಕಲ್ಲಿಗೂ ನುಣುಪು ಮಾತಿಗೂ ವೀಳ್ಯ ಕೊಡಬೇಡಿ. ಗೌಂಡಿ ಕಟ್ಟಿದ ಹಳೆಯ ಮನೆಯೊಳಗೆ ಹೋಗಿ. ಮಳೆ ಬಿದ್ದ ಮರುದಿನವೇ ಹೋಗಿ. ಆ ಮನೆಯ ಹೆಂಗಸರನ್ನು ಕೇಳಿ. ಮಾಳಿಗೆಗೆ ನೀರು ಸುರಿದು ನೋಡಿ. ಸುರಿಯುವಾಗ ಕೆಳಗೆ ಒಬ್ಬರನ್ನು—

"ಕೇಳ್ಕೋತ ಕುಂತವ್ರು ಎದ್ದು ಎಲ್ಲಿಗೆ ಹೊಂಟ್ರಿ, ಕೊಟ್ರಯ್ಯ? ಕುಂದ್ರಿ, ಕಥಿ ಇನ್ನೂ ಮುಗಿದಿಲ್ಲ."

"ಇವತ್ತ ಮುಂಜಾನಿ ನಾನೂ ಪಾಲಯ್ಯಗ ವೀಳ್ಯ ಕೊಟ್ಟು ಬಂದೀನ್ರಿ. ಅಂವ ಇನ್ನೂ ಬಾಯಿಗೆ ಹಾಕ್ಕೊಂಡಿರಾಕಿಲ್ಲ, ಜಲ್ದಿ ಹೋದ್ರ ಹೊಳ್ಳಿ ಇಸ್ಕೊಂಡು—"