ಕಾಗದದ ಮೇಲಿನ ಪಾದ

ವಿಮಾನ ನಿಲ್ದಾಣದ ಬಾಗಿಲಲ್ಲಿ, ಮಗಳ ಮುಖಕ್ಕಿಂತ ಮೊದಲು ನಾನು ನೋಡಿದ್ದು ಅವಳ ಕಾಲು. ತಪ್ಪು ನನ್ನದೇ. ಬೂಟು ಹೊಲಿಯುವವನ ಕಣ್ಣು ನೆಲ ಬಿಟ್ಟು ಮೇಲೇಳುವುದು ತಡ.

"ರೀ, ಮೊದಲು ಮುಖ ನೋಡಿ. ಕಾಲೆಲ್ಲಿ ಓಡಿಹೋಗುತ್ತೆ?" ಎಂದು ಹೆಂಡತಿ ಸೂಟ್‌ಕೇಸನ್ನು ನನ್ನ ಕೈಗೆ ದಾಟಿಸಿದಳು.

ನಾನು ಈ ದೇಶಕ್ಕೆ ಬಂದಾಗ ಮಗಳಿಗೆ ಐದು ವರ್ಷ. ಅವರಿಬ್ಬರನ್ನು ಕರೆಸಿಕೊಳ್ಳಲು ಕಾಗದಪತ್ರ ಸಿಗುವಷ್ಟರಲ್ಲಿ ಅವಳಿಗೆ ಹನ್ನೆರಡಾಯಿತು. ಪ್ರತಿ ವರ್ಷ ಹೆಂಡತಿ ಅವಳನ್ನು ಹಾಳೆಯ ಮೇಲೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಕಳಿಸುತ್ತಿದ್ದಳು. ಆ ಗೆರೆ ನೋಡಿ ನಾನು ಬೂಟು ಹೊಲಿದು ಕಳಿಸುತ್ತಿದ್ದೆ. ಬೆಳೆಯುವ ಕಾಲೆಂದು ಬೆರಳ ಮುಂದೆ ಅರ್ಧ ಇಂಚು ಬಿಡುತ್ತಿದ್ದೆ. ತಂದೆಯಾಗಿ ಮಾಡಿದ್ದು ಇಷ್ಟೇ. ಇದನ್ನಾದರೂ ಸರಿಯಾಗಿ ಮಾಡಿದ್ದೇನೆ ಎಂದುಕೊಂಡಿದ್ದೆ.

ಈಗ ಆ ಬೂಟಿನಲ್ಲೇ ಅವಳು ಕುಂಟುತ್ತಿದ್ದಳು.

ಮನೆ ಎಂದರೆ ಅಂಗಡಿಯ ಹಿಂದಿನ ಒಂದೇ ಕೋಣೆ. ಮಗಳು ನೆಂಟರ ಮನೆಗೆ ಬಂದವಳಂತೆ ಮಂಚದ ತುದಿಯಲ್ಲಿ ಕೂತಳು. ಕೇಳಿದ್ದಕ್ಕೆಲ್ಲ ಹೂಂ, ಊಹೂಂ. ಒಮ್ಮೆಯೂ ಅಪ್ಪಾ ಎನ್ನಲಿಲ್ಲ. ಏಳು ವರ್ಷ ಬರೀ ಪಾರ್ಸೆಲ್ ಆಗಿದ್ದವನನ್ನು ಏನೆಂದು ಕರೆಯಬೇಕು, ಪಾಪ.

"ಬೂಟು ಬಿಚ್ಚು ಪುಟ್ಟಿ, ನೋಡ್ತೀನಿ."

"ಬೇಡ. ಸರಿಯಾಗೇ ಇದೆ."

"ಬಿಚ್ಚೇ," ಎಂದಳು ಹೆಂಡತಿ. "ಬಂದವರ ಬೂಟು ಬಿಚ್ಚಿಸೋದೇ ಇವರ ಕಸುಬು. ನೀನೇನು ದೊಡ್ಡ ಮಹಾರಾಣಿನಾ?"

ಬಿಚ್ಚಿದಳು. ಉದ್ದ ಸರಿಯಿತ್ತು, ಅಗಲವೂ ಸರಿಯಿತ್ತು. ಆದರೆ ಪಾದದ ಮೇಲ್ಭಾಗದಲ್ಲಿ, ಲೇಸು ಕಟ್ಟುವ ಕಡೆ, ಒತ್ತಿ ಒತ್ತಿ ಕಪ್ಪುಗಟ್ಟಿದ ಕಲೆ. ನನ್ನಮ್ಮನ ಪಾದದ ಹಾಗೆಯೇ ನಡುವೆ ಉಬ್ಬಿದ, ಎತ್ತರದ ಪಾದ. ಗೆರೆಯಲ್ಲಿ ಎತ್ತರ ಎಲ್ಲಿ ಕಾಣುತ್ತದೆ? ಗಿರಾಕಿಗಳಿಗೆಲ್ಲ ಮೇಲಿಂದ ಟೇಪು ಸುತ್ತಿ ಅಳೆಯುವ ನಾನು, ಪಾದಕ್ಕೊಂದು ದಾರ ಸುತ್ತಿ ಅಳತೆ ಕಳಿಸು ಎಂದು ಹೆಂಡತಿಗೆ ಬರೆಯುವುದನ್ನೇ ಮರೆತಿದ್ದೆ. ಒಂದು ಸಲವಲ್ಲ, ಏಳು ಸಲ.

"ನೋಯುತ್ತೆ ಅಂತ ಯಾಕಮ್ಮಾ ಹೇಳ್ಲಿಲ್ಲ?"

ಅವಳು ಲೇಸನ್ನು ಬೆರಳಿಗೆ ಸುತ್ತಿಕೊಂಡಳು. "ಹೇಳಿದ್ರೆ ಕಳಿಸೋದು ನಿಲ್ಲಿಸಿಬಿಟ್ರೆ ಅಂತ."

ಹೆಂಡತಿ ಆಚೆ ತಿರುಗಿ ಸೂಟ್‌ಕೇಸಿನಲ್ಲಿ ಇಲ್ಲದ್ದೇನನ್ನೋ ಹುಡುಕತೊಡಗಿದಳು.

ಟೇಪು ತಂದು ನೆಲದ ಮೇಲೆ ಕೂತು ಕೈ ಚಾಚಿದೆ. ಮುಟ್ಟಬಹುದೋ ಬಾರದೋ ತಿಳಿಯದೆ ಕಾದೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಪಾದವನ್ನು ನನ್ನ ಅಂಗೈಯಲ್ಲಿಟ್ಟಳು. ಬೆಚ್ಚಗಿತ್ತು. ಎರಡು ಸಲ ಅಳೆದೆ. ನಂಬಿಕೆಯಾಗದೆ ಮೂರನೆಯ ಸಲವೂ ಟೇಪು ಸುತ್ತಿದೆ.

"ಕಚಗುಳಿ ಆಗುತ್ತೆ, ಅಪ್ಪಾ," ಎಂದಳು.

ಅಳತೆ ಮರೆತೇ ಹೋಯಿತು. ನಾಲ್ಕನೆಯ ಸಲ ಸುತ್ತಿದೆ.