ಬೂಟಿನೊಳಗಿನ ಬೀಗದ ಕೈ

ಶುಕ್ರವಾರ ಸಂಜೆ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಸುಬ್ಬರಾಯರ ಬಲಗಾಲಿನ ಸ್ಕೀ ಬೂಟು ಕಳಚಿತು. ಬಿಳಿ ಕಾಲುಚೀಲದ ಮುಂಭಾಗವೆಲ್ಲ ರಕ್ತ.

ಬೂಟು ಎಳೆದ ಜಾಬಿರ್‌ನ ಕೈ ಅಲ್ಲೇ ನಿಂತಿತು. ದೋಹಾದ ಮಾಲ್ ಒಂದರ ಕೃತಕ ಹಿಮದ ಜಾರಾಟದ ಅಂಗಣದಲ್ಲಿ ನಾಲ್ಕು ವರ್ಷದಿಂದ ಅವನ ಕೆಲಸ ಇದೇ: ಬಂದವರ ಕಾಲಿಗೆ ಬೂಟು ಹೊಂದಿಸುವುದು, ಬಿಗಿಯಾದರೆ ಸಡಿಲಿಸುವುದು. ಒಮ್ಮೆಯೂ ಗೊಣಗದೆ ಬೂಟು ಹಾಕಿಸಿಕೊಂಡ ಗಿರಾಕಿಯನ್ನು ಅವನು ಕಂಡದ್ದು ಇವತ್ತೇ.

ಗಂಟೆಯ ಹಿಂದೆ ಸುಬ್ಬರಾಯರು ಅಲ್ ಖೋರ್ ಪಟ್ಟಣದಿಂದ ಮಗಳು ದೀಕ್ಷಿತಾಳೊಂದಿಗೆ ಬಂದಿದ್ದರು. ಅವಳಂತೂ ಕಾಲು ತೂರಿಸಿದ್ದೇ ಕಿರುಚಿದ್ದಳು. ಜಾಬಿರ್ ಅವಳ ಎರಡು ಜೊತೆ ಕಾಲುಚೀಲದಲ್ಲಿ ಒಂದನ್ನು ತೆಗೆಸಿದ, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿಸಿ ಹಿಂದಕ್ಕೆ ಕೂರಿಸಿದ, ಪಾದದ ಮೇಲಿನ ಕೊಂಡಿಗಳನ್ನು ಒಂದೊಂದು ಹಲ್ಲು ಸಡಿಲಿಸಿದ.

"ಈಗ ಹೇಗುಂಟು?" ಅವರಂತೆಯೇ ಕರಾವಳಿಯವನಾದ ಜಾಬಿರ್ ಕೇಳಿದ.

"ಅಬ್ಬ, ಬೆರಳಿಗೆ ಜೀವ ಬಂತು."

ಆಮೇಲೆ ಅಪ್ಪನ ಸರದಿ. ಬಲಗಾಲು ಬೂಟಿನೊಳಗೆ ಒತ್ತಿಕೊಂಡೇ ಹೋಯಿತು.

"ಬಿಗಿ ಕಾಣ್ತದೆ ಸರ್. ಬೆರಳು ನೋಯ್ತದಾ?"

"ಎಂತದೂ ಇಲ್ಲ ಮಾರಾಯ. ಕೊಂಡಿ ಹಾಕು."

"ಪಪ್ಪನ ಕಾಲು ಕಲ್ಲು," ದೀಕ್ಷಿತಾ ನಕ್ಕಳು.

ಸಾಲಿನಲ್ಲಿ ಹನ್ನೆರಡು ಮಂದಿ ಕಾಯುತ್ತಿದ್ದರು. ಕೊಡುವ ಮೊದಲು ಬೂಟಿನೊಳಗೆ ಕೈಯಾಡಿಸಿ ನೋಡಬೇಕೆಂಬುದು ನಿಯಮ. ಜಾಬಿರ್ ನೋಡಿರಲಿಲ್ಲ. ಏನಾದರೂ ಚುಚ್ಚಿದರೆ ಗಿರಾಕಿಯೇ ಹೇಳುತ್ತಾರಲ್ಲ.

ಈಗ ಅವನು ಬೂಟನ್ನು ಬೋರಲು ಹಾಕಿದ. ಯಾರೋ ಮರೆತುಹೋದ ಲಾಕರಿನ ಬೀಗದ ಕೈ ಟಣ್ ಎಂದು ನೆಲಕ್ಕೆ ಬಿತ್ತು.

"ಯಾ ಅಲ್ಲಾ! ಸರ್, ಇದರ ಮೇಲೆ ಒಂದು ಗಂಟೆ ನಿಂತಿದ್ರಾ?"

ಸುಬ್ಬರಾಯರು ಬಗ್ಗಿ ನೋಡಿದರು. "ಇದು ನನ್ನ ರಕ್ತವಾ?"

ದೀಕ್ಷಿತಾ ಅವರ ಭುಜ ಹಿಡಿದಳು. "ಪಪ್ಪಾ, ಶುಗರಿನ ಮಾತ್ರೆ ತಗೊಳ್ತಾ ಇದ್ದೀರಲ್ಲ?"

"ಬಿಟ್ಟು ಆರು ತಿಂಗಳಾಯ್ತು ಮಗಾ. ಮೊದಲು ಅಂಗಾಲು ಉರೀತಿತ್ತು. ಆಮೇಲೆ ಉರಿಯೂ ನಿಂತಿತು. ಗುಣ ಆಯ್ತು ಅಂತ ಮಾಡಿದ್ದೆ."

ಜಾಬಿರ್ ಕಿರುಬೆರಳಿನ ಬುಡದ ಗಾಯಕ್ಕೆ ಬಟ್ಟೆ ಒತ್ತಿ ಹಿಡಿದ. ಎಷ್ಟು ಒತ್ತಿದರೂ ಸುಬ್ಬರಾಯರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವನಿಗೆ ಹೆದರಿಕೆ ಹುಟ್ಟಿದ್ದು ಆಗ.

ಆಂಬುಲೆನ್ಸ್ ಹೋದ ಮೇಲೆ ಅವನು ವರದಿಯಲ್ಲಿ ಬರೆದ: ಬೂಟಿನೊಳಗೆ ಕೈ ಹಾಕಿ ನೋಡಿರಲಿಲ್ಲ.

ಗಾಯ ಮಾಯದೆ ಕೊಳೆಯತೊಡಗಿ, ಹನ್ನೊಂದನೆಯ ದಿನ ವೈದ್ಯರು ಸುಬ್ಬರಾಯರ ಬಲಗಾಲಿನ ಕಿರುಬೆರಳನ್ನು ತೆಗೆದರು. ಪಾದ ಉಳಿಯಿತು.