ಅವ್ವನ ಚಿಟಿಕೆ ಉಪ್ಪು

ಮೆಟ್ರೋ ಹೋಯಿತೇನೋ, ಕಿಟಕಿ ಗಾಜು ಸಣ್ಣಗೆ ಅದುರಿತು, ಬಾಗಿಲ ಸಂದಿಯಿಂದ ಅನ್ನದ ತಟ್ಟೆ ಒಳಗೆ ಸರಿಯಿತು, ಕಂಡದ್ದು ಅವ್ವನ ಬೆರಳು ಮಾತ್ರ, ಆಸ್ಪತ್ರೆಯಿಂದ ಬಂದಾಗಿನಿಂದ ಗುರುದೇವಿಗೆ ಅವ್ವ ಅಂದರೆ ಬೆರಳಷ್ಟೇ — ಉಣ್ಣು ನನ್ನವ್ವ, ಇನ್ನ ಉಪ್ಪು ತಿನ್ನಬೌದಂತ, ಹಂಗ ನೋಡಿದ್ರ ಡಾಕ್ಟರು ಬ್ಯಾಡಂದ ಆ ಎರಡು ವಾರಾನೂ ನಾ ಚಿಟಿಕಿ ಉಪ್ಪು ಹಾಕ್ತಿದ್ದೆ, ಇಲ್ಲಾಂದ್ರ ಎಲ್ಲಿ ಉಣ್ತಿದ್ದಿ ನೀ, ನಿಂಬಿಹಣ್ಣಿನ ರುಚಿ ಅಂತ ಸುಳ್ಳು ಹೇಳಿದ್ದೆ, ಅಂದು ಬಾಗಿಲಾಚೆ ನಕ್ಕಳು ಅವ್ವ, ಹಾಲವ್ವ, ನಕ್ಕೇಬಿಟ್ಟಳು. ಯಾವ ಉಪ್ಪವ್ವಾ? ಅದಽ, ಪಾಕೀಟಿಂದು.

ಪಾಕೀಟಿಂದು, ಅಯೋಡಿನ್ ಬೆರೆಸಿದ್ದು, ವಿಜಯನಗರದ ಕಾಲೇಜಿನಲ್ಲಿ ವರ್ಷವರ್ಷವೂ ಪಾಠ ಮಾಡುತ್ತ ತಾನು ಬೋರ್ಡಿನ ಮೇಲೆ ಬರೆದದ್ದು ಇದನ್ನೇ ಅಲ್ಲವೇ, ಒಂದೇ ಧಾತು, ಪ್ರೋಟಾನಿನ ಲೆಕ್ಕ ಒಂದೇ, ನ್ಯೂಟ್ರಾನಿನದು ಮಾತ್ರ ಬೇರೆ, ಬರ್ಕೊಳ್ರಪ್ಪಾ — ಉಪ್ಪಿನಲ್ಲಿರುವುದು ಅಯೋಡಿನ್ ನೂರ ಇಪ್ಪತ್ತೇಳು, ಆಸ್ಪತ್ರೆಯಲ್ಲಿ ನುಂಗಿಸಿದ್ದು ನೂರ ಮೂವತ್ತೊಂದು, ನಾಲ್ಕೇ ನ್ಯೂಟ್ರಾನು ಹೆಚ್ಚು, ಉಪ್ಪಿನದು ತೆಪ್ಪಗಿರುತ್ತದೆ ಕೊನೆತನಕ, ಆಸ್ಪತ್ರೆಯದಕ್ಕೆ ಇರಲಾಗುವುದಿಲ್ಲ, ಒಡೆಯುತ್ತದೆ, ಸುಡುತ್ತದೆ, ಥೈರಾಯ್ಡ್ ತೆಗೆದ ಮೇಲೂ ಗಂಟಲಲ್ಲಿ ಉಳಿದ ಕ್ಯಾನ್ಸರನ್ನು ಸುಡಲಿ ಎಂದೇ ಕೊಟ್ಟದ್ದು, ಆದರೆ ಆ ಕ್ಯಾನ್ಸರಿಗೆ ಎರಡೂ ಒಂದೇ, ಹಸಿದಿದ್ದರೆ ಯಾವುದು ಬಂದರೂ ನುಂಗುತ್ತದೆ, ಹೊಟ್ಟೆ ತುಂಬಿದ್ದರೆ ಬಾಯಿ ತೆರೆಯದು, ಅದಕ್ಕೇ ಡಾಕ್ಟರು ಮದ್ದಿಗೆ ಮುಂಚೆ ಎರಡು ವಾರ ಆ ಉಪ್ಪು ಬೇಡ ಅಂದದ್ದು, ಅದನ್ನು ಉಪವಾಸ ಕೆಡವಲು, ಅವ್ವ ಅದಕ್ಕೂ ಕದ್ದು ಉಣಿಸಿಬಿಟ್ಟಳು.

ಅಮ್ಮಾ, ನಾನು ಒಳಗೆ ಬರ್ಲಾ, ಸ್ಮೃತಿಯ ದನಿ, ಅಮ್ಮನ ಮೈಯಿಂದ ಇನ್ನೂ ವಿಕಿರಣ ಹೊಮ್ಮುತ್ತದೆಂದು ಮುಚ್ಚಿದ ಈ ಬಾಗಿಲು ಎರಡನೇ ಕ್ಲಾಸಿನ ಮಗಳಿಗೆ ಅರ್ಥವಾಗುತ್ತಿಲ್ಲ, ಬೇಡ ಕಣೇ ಪುಟ್ಟಿ, ದೂರ ನಿಂತ್ಕೋ — ಬಾ ಈಕಡೆ, ನಿಮ್ಮವ್ವ ಹೊರಗ ಕುಂತಾಳ, ಮುಟ್ಟಬಾರದು, ನಾವೂ ಹಿಂಗಽ ಕುಂದರ್ತಿದ್ವಿ, ಮೂರು ದಿನಕ್ಕ ತಲಿಮ್ಯಾಲೆ ನೀರು ಹಾಕ್ಕೊಂಡ್ರ ಮುಗೀತು, ಅನ್ನುತ್ತಾಳೆ ಅವ್ವ, ಮುಗಿಯುತ್ತದೆಯೇ, ಸೋಮವಾರ ಸ್ಕ್ಯಾನು, ಗಂಟಲ ಹತ್ತಿರ ಕಪ್ಪು ಚುಕ್ಕೆ ಕಂಡರೆ ಮದ್ದು ಒಳಗೆ ಸೇರಿದೆ, ಏನೂ ಕಾಣದಿದ್ದರೆ, ಏನೂ ಕಾಣದಿದ್ದರೆ ಕ್ಯಾನ್ಸರು ಅಲ್ಲೇ ಕೂತಿದೆ, ಉಂಡು ತೇಗಿ, ಮತ್ತು ಸ್ಮೃತಿಗೆ ಇನ್ನೂ ಏಳು ವರ್ಷ. ಕೂಗಿ ಹೇಳಬೇಕು, ಏನು ಮಾಡಿದೆ ಗೊತ್ತೇನವ್ವಾ ನೀನು, ಸಿಟ್ಟು ಬಾಯಿತನಕ ಬಂತು, ಹೇಳಿದರೆ ಆ ಮುದುಕಿ ಮತ್ತೆ ಅನ್ನ ಮುಟ್ಟುವವಳಲ್ಲ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ, ಗಾದೆ ಮಾಡಿದವರಿಗೇನು ಹೋಯಿತು.

ಉಪ್ಪು ಹತ್ತೇತೇನ ಗುರು, ಹೊರಗಿನಿಂದ ಅವ್ವ. ಹತ್ತೇತವ್ವಾ, ಅಂದಳು, ತುತ್ತು ನುಂಗಿದಳು, ಛಲೋ ಆತು ಬಿಡು, ಇನ್ನೊಂದಿಷ್ಟು ಹಾಕ್ಲಿ, ಸಂದಿಯಲ್ಲಿ ಮತ್ತೆ ಬೆರಳು, ಹೆಬ್ಬೆರಳೂ ತೋರುಬೆರಳೂ ಕೂಡಿದ್ದು, ನಡುವೆ ಬೆಳ್ಳಗೆ ಚಿಟಿಕೆ ಉಪ್ಪು.